ಗಟ್ಟಿ ಐತಿ

ಬ್ಯಾಡಗಿ
೭ ಫೆಬ್ರವರಿ ೨೦೨೬

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ತಂತಿಯ ಮೇಲೆ ಅವ್ವನ ಬಟ್ಟೆ ಒಣಗುತ್ತಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಮೂಗಿಗೆ ಕಟ್ಟಿಕೊಳ್ಳುತ್ತಿದ್ದಳಲ್ಲ, ಅದು. ಅಪ್ಪ ಒಗೆದು ಹಾಕಿದ್ದ. ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವುದು ರೂಢಿಯಾಗಿದೆ. "ಕವನ ಓದಿದಾಕಿ ಕೀವಿನ ವರ್ಣನಾ ಬರೀತಾಳ" ಎಂದು ಪರೀಕ್ಷೆ ಮಾಡುವ ಜಹೀರಣ್ಣ ಕಾಡಿಸುತ್ತಾನೆ.

ಗುರುವಾರ ದೇವರಗುಡ್ಡದ ಚೌಡವ್ವ ಬಂದಿದ್ದಳು. ಮಗಳಿಗೆ ನಮಗೆ ಕೇಸ್ ಕಳಿಸುವ ದವಾಖಾನೆಯೊಂದರಲ್ಲಿ ಸಿಜೇರಿಯನ್ ಆಗಿ ಹೊಲಿಗೆ ಕೀವಾಗಿದೆ. ಕೀವಿನಲ್ಲಿ ಸಿಕ್ಕಿದ್ದು ಯಾವ ಔಷಧಕ್ಕೂ ಜಗ್ಗದ ರೋಗಾಣು.

"ಏನ್ ಬಂದೈತೋ ಯಪ್ಪಾ?"

ಜಹೀರಣ್ಣ ತಲೆಯೆತ್ತದೆ, "ಭಾಳ ಗಟ್ಟಿ ಐತಬೇ" ಎಂದ.

ಅವಳ ಮುಖ ಅರಳಿತು. ಅಲ್ಲೇ ಅಳಿಯನಿಗೆ ಫೋನ್ ಹಚ್ಚಿದಳು. "ಹುಡುಗಿ ಗಟ್ಟಿ ಐತಂತ. ಗಾಡಿ ತರ್ರಿ, ಮನಿಗೆ ಕರಕೊಂಡು ಹೋಗೂಣು."

ನಮ್ಮ ಕಡೆ ಹೆಣ್ಣಿಗೂ 'ಐತಿ', ಹುಳಕ್ಕೂ 'ಐತಿ'. ಹಿಂದೆಯೇ ಹೋಗಿ ಅವಳ ಸೆರಗು ಹಿಡಿದೆ. "ಗಟ್ಟಿ ಇರೋದು ರೋಗದ ಹುಳಾ ಬೇ, ನಿನ್ನ ಮಗಳಲ್ಲ. ಇವತ್ತ ಹುಬ್ಬಳ್ಳಿಗೆ ಒಯ್ಯಿ." ಒಯ್ದಿದ್ದಾರೆ. ಇನ್ನೂ ಜೀವವಿದೆಯಂತೆ.

ಇಂಥ ರೋಗಾಣು ಕಂಡರೆ ಹಾವೇರಿಯ ಆರೋಗ್ಯ ಕಚೇರಿಗೆ ತಿಳಿಸುವುದು ಈಗ ಕಡ್ಡಾಯ. ಲ್ಯಾಬಿನ ಮಾಲೀಕರು ತಡೆದಿದ್ದಾರೆ. "ಆ ದವಾಖಾನಿ ಹೆಸರು ಹೊರಗ ಬಂದ್ರ ನಮಗ ಕೇಸ್ ಯಾರು ಕಳಸ್ತಾರವಾ? ಸುಮ್ನಿರು. ಸುಮ್ನ ಇರೂದು ನಿನಗ ಚಲೋ ಬರ್ತೈತಿ."

ಮಾಮಾನಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಕಾವ್ಯಾ

ಮೇಲೆ ಬರೆಯಲಾಗದ್ದು: ಅಕ್ಕ, ಅದು ಅವ್ವ ಇದ್ದ ದವಾಖಾನೆಯೇ. ಹೋದ ವರ್ಷ ಅವಳ ಕೈಗಾಯ ಕೀವಾದಾಗ, ಅಪ್ಪ ಡಾಕ್ಟರ ಕೋಣೆಯಿಂದ ನಗುತ್ತ ಬಂದು "ನಿಮ್ಮವ್ವ ಗಟ್ಟಿ ಐತಂತ" ಎಂದದ್ದು ನೆನಪಿದೆಯಲ್ಲ? ಅದನ್ನು ನಂಬಿ ನೀನು ನಿನ್ನ ಊರಿಗೆ ಹೊರಟೆ, ನಾವು ಅವಳನ್ನು ಮನೆಗೆ ತಂದೆವು. ವಾರದೊಳಗೆ ಮಣ್ಣು ಮಾಡಿದೆವು. ನೀನು ಬಿಟ್ಟುಹೋದದ್ದಕ್ಕೆ ಅವಳು ಹೋಗಲಿಲ್ಲ. ಅಪ್ಪ ಈಗಲೂ ಬಂದವರಿಗೆಲ್ಲ "ಡಾಕ್ಟರು ಗಟ್ಟಿ ಐತಿ ಅಂದಿದ್ರು" ಎನ್ನುತ್ತಾನೆ. ಅವನಿಗೆ ನಾನು ಹೇಳುವುದಿಲ್ಲ, ನೀನೂ ಹೇಳಬೇಡ.

ಸೋಮವಾರ ಬೆಳಗಿನ ಗಾಡಿಗೆ ಹಾವೇರಿಗೆ ಬರುತ್ತೇನೆ. ಮೊದಲು ಆರೋಗ್ಯ ಕಚೇರಿ, ಆಮೇಲೆ ನಿನ್ನ ಮನೆ.