ಕ್ಯಾಲ್ಸಿಯಂ ಬಾಟಲಿ

ಜಮಖಂಡಿ
೧೧ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಆಯಿಗೆ ನಿನ್ನ ಮಗಳು ಗೌತಮಿಯ ನಮಸ್ಕಾರಗಳು.

ನಾವೆಲ್ಲ ಆರಾಮ. ಈ ಸಾಲನ್ನು ಎಲ್ಲರೂ ಬರೆಯುತ್ತಾರೆ, ಆದರೆ ನಾನು ಯೋಚಿಸಿ ಬರೆದಿದ್ದೇನೆ. ಇವತ್ತಿನ ಮಟ್ಟಿಗೆ ಇದು ಖರೆ. ಒಂದೂವರೆ ತಿಂಗಳಿಂದ ನಿನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಫೋನ್ ಬಂದರೆ ‘ಊಟ ಆತು, ನಿದ್ದಿ ಆತು’ ಎಂದು ಇಟ್ಟುಬಿಟ್ಟಿದ್ದೇನೆ. ಸಿಟ್ಟಾಗಬೇಡ. ಕನ್ನಡದಲ್ಲಿ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಅಷ್ಟು ಫೀ ಕಟ್ಟಿ ಓದಿಸಿದ ಸಾಲಿಯಲ್ಲಿ ‘ರೆಸ್ಪೆಕ್ಟೆಡ್ ಮೇಡಂ’ಗೆ ಜ್ವರದ ರಜೆ ಕೇಳುವುದನ್ನು ಬಿಟ್ಟು ಬೇರೆ ಪತ್ರ ಕಲಿಸಲೇ ಇಲ್ಲ. ಅತ್ತೆ ಒತ್ತಕ್ಷರ ತಿದ್ದಿಕೊಡುತ್ತೇನೆ ಎಂದರು. ನಾನೇ ಬೇಡ ಎಂದೆ. ತಪ್ಪಿದ್ದರೂ ನನ್ನ ತಪ್ಪೇ ಇರಲಿ.

ನಿನ್ನ ಅಳಿಯ ಕೌಸ್ತುಭ ಹೇಗೂ ದಿನಾ ನಿಮ್ಮ ಮುಧೋಳದ ಸಕ್ಕರೆ ಫ್ಯಾಕ್ಟರಿಗೆ ಕೆಲಸಕ್ಕೆ ಬರುತ್ತಾನಲ್ಲ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಚಹಾ ಕೊಟ್ಟು ಕೂಡಿಸು. ಅವನ ಎದುರಿಗೇ ಓದು, ಒಳಗಿನ ಕೋಣೆಗೆ ಹೋಗಬೇಡ. ಇದರಲ್ಲಿ ಇರುವುದೆಲ್ಲ ಅವನಿಗೆ ಗೊತ್ತು.

ಮೊದಲು ಸಂತೋಷದ ಸುದ್ದಿ. ನಿನ್ನ ಅಳಿಯ ಎಷ್ಟು ಒಳ್ಳೆಯವನು ಎಂದು ದಿನಾ ಒಂದೊಂದು ಪುಟ ಬರೆಯಬಹುದು. ನಕ್ಕಾಗ ಅವನ ಕಿವಿ ಮೊದಲು ಮೇಲೇರುತ್ತವೆ, ತುಟಿ ಆಮೇಲೆ. ಹೋದ ವಾರ ಬನಹಟ್ಟಿಯಿಂದ ತಾನೇ ಆರಿಸಿ ಒಂದು ಸೀರೆ ತಂದ, ಬದನೆಕಾಯಿ ಬಣ್ಣ, ಗಿಳಿಹಸಿರು ಅಂಚು. ನಾನು ಕನ್ನಡಿ ಮುಂದೆ ಅರ್ಧ ಗಂಟೆ ತಿರುಗಿದೆ. ಅತ್ತೆ ನೋಡಿ, ‘ತಿರಗವಾ, ಆದ್ರ ಒಂದ ದಿಕ್ಕಿಗೆ ತಿರಗಬ್ಯಾಡ, ತಲಿ ಸುತ್ತೀತು’ ಅಂದರು. ಇನ್ನೊಂದು ಸುದ್ದಿ, ಸ್ಕ್ಯಾನಿಂಗಿನಲ್ಲಿ ಕೂಸಿನ ಎದೆಬಡಿತ ಕೇಳಿಸಿದರು. ಸಣ್ಣ ಕುದುರೆ ಓಡಿದ ಹಾಗೆ. ಕೌಸ್ತುಭ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಾನೆ. ಕೇಳು, ಕೇಳಿಸುತ್ತಾನೆ.

ಈಗ ಬಾಟಲಿಯ ವಿಷಯ.

ಮದುವೆಯ ಮುಂಚೆ ನನ್ನ ಡಿಪ್ರೆಶನ್ ಗುಳಿಗೆಗಳನ್ನೆಲ್ಲ ನೀನು ಹಾಳೆಯಿಂದ ಒಂದೊಂದಾಗಿ ಬಿಡಿಸಿ ಬಿಳಿ ಬಾಟಲಿಗೆ ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ‘ಕ್ಯಾಲ್ಸಿಯಂ’ ಎಂದು ಬರೆದು ಅಂಟಿಸಿದೆಯಲ್ಲ, ಅದು. ಮೇ ತಿಂಗಳಿಡೀ ನಾನು ಎಲ್ಲರೆದುರಿಗೇ ಹಾಲಿನ ಜೊತೆ ನುಂಗುತ್ತಿದ್ದೆ. ‘ಎಷ್ಟ ಶಿಸ್ತಿನ ಹುಡುಗಿ’ ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವರು ಮೂವತ್ತು ವರ್ಷ ಹುಡುಗಿಯರ ಸಾಲಿಯಲ್ಲಿ ಲೆಕ್ಕ ಕಲಿಸಿದವರು, ಶಿಸ್ತು ಕಂಡರೆ ಕರಗುತ್ತಾರೆ.

ಜೂನ್ ಕಡೆಗೆ ಬಸಿರಿನ ಟೆಸ್ಟಿನಲ್ಲಿ ಎರಡು ಗೆರೆ ಬಂದವು. ಅವತ್ತೇ ಯೂಟ್ಯೂಬಿನಲ್ಲಿ ಯಾರೋ ಒಬ್ಬಳು, ಈ ಗುಳಿಗೆಗಳಿಂದ ಕೂಸಿಗೆ ಹಾಗಾಗುತ್ತದೆ ಹೀಗಾಗುತ್ತದೆ ಎಂದಳು. ಅವತ್ತೇ ನಿಲ್ಲಿಸಿದೆ. ಮೂರು ವರ್ಷ ತಗೊಂಡದ್ದನ್ನು ಒಂದೇ ದಿನದಲ್ಲಿ, ಟಿವಿ ಆರಿಸಿದ ಹಾಗೆ. ಯಾರನ್ನು ಕೇಳಲಿ? ಮನೆಯಲ್ಲಿ ಅದು ಕ್ಯಾಲ್ಸಿಯಂ.

ನಾಲ್ಕನೆಯ ದಿನದಿಂದ ಶುರುವಾಯಿತು. ಕಣ್ಣು ಎಡದಿಂದ ಬಲಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಝಪ್ ಎಂದು ಕರೆಂಟ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ ಹಾಗೆ, ಆದರೆ ಕೈಯಲ್ಲಲ್ಲ, ಮಿದುಳಲ್ಲಿ. ನಡೆಯುವಾಗ ನೆಲ ಒಂದು ಹೆಜ್ಜೆ ತಡವಾಗಿ ಬರುತ್ತಿತ್ತು. ಅವಲಕ್ಕಿಗೆ ಒಗ್ಗರಣೆ ಹಾಕುವಾಗ ನನಗೆ ಅಳು ಬಂತು, ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಹಾಲು ಹಾಕುವ ತಂಗೆವ್ವ ಬಾಗಿಲಲ್ಲಿ ನನ್ನ ಮುಖ ನೋಡಿ, ‘ಗಂಡ ಕೂಸ ಐತ್ರಿ ಅಕ್ಕಾರ, ಅದಕ್ಕ ಹಿಂಗ ತಲಿ ತಿರಗತೈತಿ’ ಎಂದು ತೀರ್ಪು ಕೊಟ್ಟಳು. ಎಲ್ಲರೂ ಬಸಿರಿನ ಸಂಕಟ ಎಂದುಕೊಂಡರು. ನಾನೂ ಹಾಗೇ ಅನ್ನಲು ಬಿಟ್ಟೆ.

ಒಂಬತ್ತನೆಯ ದಿನ ಅತ್ತೆ ಬಾಟಲಿ ಹಿಡಿದು ಬಂದರು. ‘ಗೌತಮಿ, ನಿಮ್ಮವ್ವ ಇಷ್ಟ ಛಂದ ಬರದ ಕೊಟ್ಟಾರ, ನೀ ಈಗೊಂದ ವಾರದಿಂದ ಮುಟ್ಟೇ ಇಲ್ಲಲಾ. ಬಸರಾದಾಗನ ಕ್ಯಾಲ್ಸಿಯಂ ಬೇಕವಾ.’

‘ಮೊದಲ ಮೂರು ತಿಂಗಳು ಬ್ಯಾಡ ಅಂದಾರ್ರಿ ಅತ್ಯಾ’ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯ.

‘ಮತ್ತ ಇವು ಸುಮ್ನ ಹಾಳಾಗ್ತಾವ’ ಅಂದರು, ಹೋದರು.

ಆಯಿ, ಅವರು ಹೋಗಿ ತಗೊಳ್ಳಲು ಶುರು ಮಾಡಿದರು. ಮೊಣಕಾಲು ನೋವಿಗೆ. ದಿನಕ್ಕೊಂದು, ಊಟದ ನಂತರ, ಶಿಸ್ತಾಗಿ.

ಮೂರು ದಿನ ನನಗೆ ಗೊತ್ತೇ ಆಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅತ್ತೆ ಗೋಡೆಗೆ ಆತು ನೆಲದ ಮೇಲೆ ಕೂತಿದ್ದಾರೆ. ಮುಖದ ತುಂಬ ಬೆವರು, ಕೈ ನಡುಗುತ್ತಿದೆ. ‘ಹೊಟ್ಟ್ಯಾಗ ಕಲಸಿಧಂಗ ಆಗೇದ, ಎರಡ ರಾತ್ರಿ ಕಣ್ಣ ಹತ್ತಿಲ್ಲ. ನಿಮ್ಮವ್ವನ ಕ್ಯಾಲ್ಸಿಯಂ ನನಗ ಒಗ್ಗಲಿಲ್ಲ ನೋಡು’ ಎಂದರು. ನಗಲು ನೋಡಿದರು.

ನಾನೂ ಅವರ ಎದುರು ಕೂತುಬಿಟ್ಟೆ. ಒಬ್ಬಳು ಗುಳಿಗೆ ತಗೊಂಡು ನಡುಗುತ್ತಿದ್ದಳು, ಇನ್ನೊಬ್ಬಳು ಬಿಟ್ಟು ನಡುಗುತ್ತಿದ್ದಳು. ಅಲ್ಲೇ ಹೇಳಿದೆ, ಎಲ್ಲಾ. ಕಾಲೇಜಿನ ಕೊನೆಯ ವರ್ಷ ನಾನು ಎರಡು ತಿಂಗಳು ಹಾಸಿಗೆ ಬಿಟ್ಟು ಏಳದಿದ್ದದ್ದು, ಗುಳಿಗೆಯಿಂದ ಎದ್ದದ್ದು, ಬಾಟಲಿ, ಚೀಟಿ.

ಅತ್ತೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ‘ಇದರಿಂದ ನಿನಗ ಆರಾಮ ಆಗಿತ್ತೇನು?’

‘ಆಗಿತ್ರಿ.’

‘ಆರಾಮ ಮಾಡೂ ಔಷಧಕ್ಕ ಯಾಕ ಇಷ್ಟ ಮುಚ್ಚುಮರಿ?’ ಅವರು ಗೋಡೆ ಹಿಡಿದು ಎದ್ದರು. ‘ಅಲ್ಲವಾ, ನಾ ಸತ್ತಿದ್ರ ಏನಂತ ಬರಸ್ತಿದ್ರಿ? ಕ್ಯಾಲ್ಸಿಯಂ ತಿಂದು ಸತ್ತಳು ಅಂತನಾ?’

ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಅವರು ದೇವತೆ ಎಂದೇನೂ ತಿಳಿಯಬೇಡ, ಸಿಟ್ಟು ಜೋರಾಗೇ ಬಂದಿತ್ತು. ಸಂಜೆ ಕೌಸ್ತುಭನಿಗೆ ಹೇಳಿದೆ. ಅವನು ಮಾಳಿಗೆ ಹತ್ತಿ ಹೋಗಿ ಅರ್ಧ ಗಂಟೆ ಬಿಟ್ಟು ಇಳಿದುಬಂದ.

‘ಮೊದಲ ಹೇಳಿದ್ರ ನಾ ಮದುವಿ ಬ್ಯಾಡ ಅಂತಿದ್ದೆ ಅನ್ಕೊಂಡ್ಯಾ?’

‘ಹೂಂ.’

‘ಅಂತಿದ್ನೋ ಏನೋ, ನನಗೂ ಗೊತ್ತಿಲ್ಲ’ ಎಂದ. ‘ಈಗ ಮಾತ್ರ ನೀ ಇಲ್ಲದ ಮನಿ ನನಗ ಬ್ಯಾಡ.’ ಈ ಸಲ ಕಿವಿ ಮೇಲೇರಲಿಲ್ಲ, ಆದರೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದ. ನಿಜ ಹೇಳಿದವನನ್ನು ನಂಬಬಹುದು ಎನಿಸಿತು.

ಮರುದಿನ ಬಾಗಲಕೋಟೆಗೆ ಹೋದೆವು. ‘ಮುಧೋಳದ ಮ್ಯಾಲಿಂದ ಬ್ಯಾಡ, ಅವರ ಮನಿ ಹಾದು ಹೋಗೂದು ಇವತ್ತ ನನ್ನ ಕೈಲಿ ಆಗೂದಿಲ್ಲ’ ಎಂದರು ಅತ್ತೆ. ಹಾಗಾಗಿ ಬೀಳಗಿ ಮೇಲೆ ಹೋದೆವು. ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ಡಾಕ್ಟರ್ ಹೆಂಗಸು, ನಮ್ಮ ಕಡೆಯವರೇ. ನನ್ನ ಕಥೆ ಪೂರ್ತಿ ಕೇಳಿ, ‘ಯಾರರೆ ಹೇಳಿ ಬಿಟ್ರೋ, ಯೂಟ್ಯೂಬ್ ನೋಡಿ ಬಿಟ್ರೋ?’ ಅಂದರು. ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ತಲೆಯೊಳಗಿನ ಕರೆಂಟು ಹುಚ್ಚಲ್ಲ, ಔಷಧ ಒಮ್ಮೆಲೇ ನಿಂತದ್ದಕ್ಕೆ ದೇಹ ಮಾಡುವ ತಕರಾರು ಎಂದರು. ಬಸಿರಿನಲ್ಲಿ ಕೆಲವರು ಇದನ್ನು ಒಂಬತ್ತು ತಿಂಗಳೂ ತಗೊಳ್ಳುತ್ತಾರೆ, ಕೆಲವರು ಬಿಡುತ್ತಾರೆ. ಎರಡನ್ನೂ ಡಾಕ್ಟರ್ ಜೊತೆ ಕೂತು ತೂಗಿ ನೋಡಬೇಕು, ಬಿಡುವುದಾದರೆ ನಿಧಾನ, ಅಳತೆ ಹಿಡಿದು. ಅತ್ತೆಯ ಬಿಪಿ ನೋಡಿ, ಎರಡು ದಿನದಲ್ಲಿ ಸರಿಹೋಗುತ್ತದೆ, ಇನ್ನು ಮೇಲೆ ಮೊಣಕಾಲಿಗೆ ಮೊಣಕಾಲಿನದೇ ಔಷಧ ತಗೊಳ್ಳಿರಿ ಎಂದರು. ನನಗೆ ಮತ್ತೆ ಗುಳಿಗೆ ಶುರು ಮಾಡಿದರು. ಕೆಲವು ವಾರ ಅರ್ಧ, ಆಮೇಲೆ ಕಾಲು.

‘ಎಲ್ಲಾ ಗುಳಿಗಿ ಮುರಿಯೂ ಹಂಗಿಲ್ಲ, ಇದನ್ನ ಮುರೀಬಹುದು. ಆದ್ರ ಕಾಲು ಮಾಡೂದು ತ್ರಾಸ, ಪುಡಿ ಆಗ್ತದ’ ಎಂದರು ಡಾಕ್ಟರ್.

ಆಗ ಅತ್ತೆ ಬಾಯಿ ಬಿಟ್ಟರು. ‘ಅದನ್ನ ನನಗ ಬಿಡ್ರಿ.’

ಈಗ ಪ್ರತಿ ರವಿವಾರ ಬೆಳಿಗ್ಗೆ ಪೂಜೆ ಮುಗಿಸಿ ಕನ್ನಡಕ ಹಾಕಿ, ಅಡಿಕೆ ಕತ್ತರಿಸುವ ಅಡಕೊತ್ತು ತೊಳೆದು ಒರೆಸಿ ಕೂಡುತ್ತಾರೆ. ಗುಳಿಗೆಯ ಗೆರೆಗೆ ಅಲಗು ಹೊಂದಿಸಿ ಕಟಕ್. ಮತ್ತೆ ಅಡ್ಡ ಇಟ್ಟು ಕಟಕ್. ನಾಲ್ಕೂ ಚೂರು ಸರೀಸಮ. ಹೋದ ಸಲ ಡಾಕ್ಟರಿಗೆ ಒಯ್ದು ತೋರಿಸಿದೆ, ಅವರು ನಕ್ಕು, ನಮ್ಮ ಆಸ್ಪತ್ರೆಗೆ ಬರುತ್ತೀರೇನು ಎಂದು ಅತ್ತೆಯನ್ನು ಕೇಳಿದರು. ಅತ್ತೆಗೆ ಬಹಳ ಖುಷಿ, ಆದರೆ ಮುಖ ಗಂಭೀರ ಮಾಡಿ, ‘ಪೆನ್ಶನ್ ಸಾಕಾಗ್ತದ್ರಿ’ ಅಂದರು.

ಈಗ ಕಾಲು ಗುಳಿಗೆಯಲ್ಲಿದ್ದೇನೆ. ಒಮ್ಮೊಮ್ಮೆ ಝಪ್ ಎನ್ನುತ್ತದೆ, ಮೊದಲಿನಷ್ಟಲ್ಲ. ಬಂದಾಗ ಕೂಡುತ್ತೇನೆ, ನೀರು ಕುಡಿಯುತ್ತೇನೆ, ‘ಅತ್ಯಾ, ಬಂತು’ ಎನ್ನುತ್ತೇನೆ. ಅವರು ‘ಬರಲಿ, ಹೋಗ್ತದ’ ಎಂದು ಸೊಪ್ಪು ಸೋಸುತ್ತ ಪಕ್ಕದಲ್ಲೇ ಇರುತ್ತಾರೆ. ಪೂರ್ತಿ ಬಿಡುತ್ತೇನೋ, ಕಾಲಿನಲ್ಲೇ ಉಳಿಯುತ್ತೇನೋ, ಮತ್ತೆ ಏರಿಸಬೇಕಾಗುತ್ತದೋ ಗೊತ್ತಿಲ್ಲ. ಇದು ಪರೀಕ್ಷೆಯಲ್ಲ, ಪಾಸು ನಾಪಾಸು ಇಲ್ಲ ಎಂದಿದ್ದಾರೆ ಡಾಕ್ಟರ್. ಆ ಮಾತು ಕೇಳಿದ ದಿನ ನಾನು ಎರಡು ಹೋಳಿಗೆ ಹೆಚ್ಚು ತಿಂದೆ.

ನಿನ್ನ ಬಾಟಲಿ ತೊಳೆದು ಅಜವಾನ ತುಂಬಿದ್ದೇವೆ. ಗುಳಿಗೆಗೆ ಹೊಸ ಡಬ್ಬಿ, ಮೇಲೆ ಅದರ ಖರೆ ಹೆಸರು, ಅತ್ತೆಯ ಅಕ್ಷರದಲ್ಲಿ. ಅಡುಗೆಮನೆಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ.

ಬರುವ ವಾರ ಹತ್ತೊಂಬತ್ತಕ್ಕೆ ಈ ಶ್ರಾವಣದ ಕಡೆಯ ಮಂಗಳಗೌರಿ. ‘ನಿಮ್ಮವ್ವ ಅಲಕಾತಾಯಿಯವರು ಬರಲಿ, ನಾ ಜಗಳ ಮಾಡೂದದ, ಮಾಡಿ ಊಟಕ್ಕ ಹಾಕ್ತೀನಿ’ ಎಂದು ಅತ್ತೆ ಹೇಳಿಕಳಿಸಿದ್ದಾರೆ. ನಿನಗೂ ಅಪ್ಪನಿಗೂ ಅವರ ನಮಸ್ಕಾರ. ನಮ್ಮಿಬ್ಬರಿಗೂ, ಒಳಗಿರುವ ಕುದುರೆಗೂ ನಿನ್ನ ಆಶೀರ್ವಾದ ಇರಲಿ.

ನಿನ್ನ
ಗೌತಮಿ

ತಾ. ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಗುಳಿಗೆ ಬಿಟ್ಟ ಐದನೆಯ ದಿನ ನಾನು ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ? ‘ಆಯಿ, ನನಗ ತಡಕೊಳ್ಳಿಕ್ಕೆ ಆಗವಲ್ದು’ ಎಂದೆ. ನೀನು, ‘ಸಣ್ಣಗ ಮಾತಾಡು, ನಿಮ್ಮತ್ತಿ ಹತ್ರ ಇದ್ದಾರೇನು?’ ಎಂದೆ. ನಾನು ಇಲ್ಲ ಎಂದೆ. ‘ಸದ್ಯ’ ಎಂದು ಉಸಿರು ಬಿಟ್ಟು ನೀನು ಫೋನ್ ಇಟ್ಟೆ. ಹೇಗಿದ್ದೀ ಎಂದು ಕೇಳಲಿಲ್ಲ. ತಲೆಯೊಳಗಿನ ಕರೆಂಟು ಕಡಿಮೆಯಾಗುತ್ತಿದೆ, ಇದು ಆಗುತ್ತಿಲ್ಲ. ನೀನು ಹೆದರಿದ್ದೆ, ನನಗೆ ಗೊತ್ತು. ಮಂಗಳವಾರ ಬಂದಾಗ ಹೊಸ್ತಿಲು ದಾಟುವ ಮೊದಲೇ ಕೇಳು, ದೊಡ್ಡ ದನಿಯಲ್ಲಿ ಕೇಳು. ಅತ್ತೆ ಹತ್ತಿರದಲ್ಲೇ ಇರುತ್ತಾರೆ.