ಅವಳಿಗೆ ಉಸಿರು ಕಟ್ಟಿದೆ

ಮನೆಯಿಂದ,
ಭಾನುವಾರ, ಊಟದ ಹೊತ್ತು ಮೀರಿದ ಮೇಲೆ

ಪ್ರೀತಿಯ ಅಮ್ಮಾ,

ನಿನ್ನ ಬಿಚ್ಚಣ್ಣನ ನಮಸ್ಕಾರಗಳು. ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ, ಇಲ್ಲಾ ಪಕ್ಕದ ಹಾಸಿಗೆಯವರ ಕಷ್ಟಸುಖ ವಿಚಾರಿಸುತ್ತಾ ಬೆಳಗು ಮಾಡುತ್ತಿದ್ದೀಯಾ? ತಲೆಗೆ ಇನ್ನೊಂದು ದಿಂಬು ಕೇಳಿ ಇಸಿದುಕೊ. ನೀನು ಕೇಳುವವಳಲ್ಲ ಅಂತ ಗೊತ್ತಿದ್ದೇ ನಿನ್ನ ಸೊಸೆಯ ಕೈಗೆ ಮನೆಯ ದಿಂಬನ್ನೇ ಕೊಟ್ಟು ಕಳಿಸುತ್ತಿದ್ದೇನೆ. ಮಾತ್ರೆಯನ್ನು ದವಡೆಯಲ್ಲಿ ಒತ್ತಿ ಹಿಡಿದು, ನರ್ಸ್ ಆಚೆ ಹೋದ ಮೇಲೆ ಉಗುಳುತ್ತೀಯಂತೆ. ಮಂಗಳವಾರ ಬೆಳಿಗ್ಗೆ ಹೃದಯದ ಆಪರೇಷನ್ ಇಟ್ಟುಕೊಂಡು ಇದೆಂಥ ಮಕ್ಕಳಾಟ? ಫೋನಿನಲ್ಲಿ ಬೈಯೋಣವೆಂದರೆ ನಿನಗೆ ಅರ್ಧ ಕೇಳುವುದಿಲ್ಲ, ಇನ್ನರ್ಧ ಕೇಳಿದರೂ ಕೇಳದಂತೆ ಇರುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಸೊಸೆ ನಾಲ್ಕು ಗಂಟೆಯ ಬಸ್ಸಿಗೆ ಹೊರಡುತ್ತಾಳೆ, ನಿನ್ನ ಕೈಗೇ ಕೊಡುತ್ತಾಳೆ.

ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯಬೇಕು, ಬರೆಯಲು ಕೈ ಏಳುತ್ತಿಲ್ಲ. ಸಣ್ಣ ಸುದ್ದಿಯಿಂದ ಶುರು ಮಾಡುತ್ತೇನೆ. ಹಾಲಿನ ಪಾತ್ರೆಗೆ ಮುಚ್ಚುವ ನಿನ್ನ ಬಟ್ಟೆ ಕಾಣೆಯಾಗಿದೆ. ಹಳೇ ದಿಂಬಿನ ಗವಸು ಕತ್ತರಿಸಿ, ಸುತ್ತ ಕೆಂಪು ದಾರದಲ್ಲಿ ಅಂಚು ಹೊಲಿದಿದ್ದೆಯಲ್ಲ, ನೀಲಿ ಗೆರೆಯದು, ಅದೇ. ನಿನ್ನ ಸೊಸೆ ನಿನ್ನೆ ಆಸ್ಪತ್ರೆಯಿಂದ ಬಂದಾಗಿನಿಂದ ಹುಡುಕುತ್ತಿದ್ದಾಳೆ. ನೀನು ಹೋಗಿ ಹತ್ತು ದಿನಕ್ಕೇ ಮನೆಯ ಶಿಸ್ತು ಹೀಗಾಯಿತು ಅಂತ ನನ್ನ ಕಡೆ ನೋಡುತ್ತಾಳೆ. ಸದ್ಯಕ್ಕೆ ಹಾಲಿಗೆ ತಟ್ಟೆ ಮುಚ್ಚಿದ್ದೇವೆ. ಅಪ್ಪ ಎರಡು ಹೊತ್ತು ಊಟ ಮಾಡುತ್ತಾರೆ, ಸ್ನಾನಕ್ಕೆ ಮಾತ್ರ ಪುಸಲಾಯಿಸಬೇಕು. ನನ್ನನ್ನು ಒಮ್ಮೆ ಮಗ ಅನ್ನುತ್ತಾರೆ, ಒಮ್ಮೆ ಕಂಡಕ್ಟರ್ ಅನ್ನುತ್ತಾರೆ. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ, ಆದರೆ ಅದು ಯಾರ ಕುರ್ಚಿ ಅಂತ ಕೇಳಿದರೆ ಹೆಸರು ಸಿಗದೆ ಅದರ ಧೂಳು ಒರೆಸುತ್ತಾರೆ.

ಅಮ್ಮಾ, ನೀನು ಕೇಳಿದ್ದು ಒಂದೇ ಒಂದು. ‘ಒಳಗೆ ಕರ್ಕೊಂಡು ಹೋಗೋ ಮುಂಚೆ ನಿಮ್ಮಪ್ಪನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಕಣೋ’ ಅಂದಿದ್ದೆ. ನಾನು ಅದೇನು ಮಹಾ ಅನ್ನುವ ಹಾಗೆ ತಲೆಯಾಡಿಸಿ ಬಂದಿದ್ದೆ. ಬಂದ ಮೇಲೆ ಗೊತ್ತಾಯಿತು ಅದೆಷ್ಟು ಮಹಾ ಅಂತ. ಮೊದಲು ಬಸ್ಸಿಗೆ ಹತ್ತಿಸಿದೆ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಪ್ರಯಾಣಿಕರ ಸೀಟಿನಲ್ಲಿ ಕೂರುತ್ತಾರಾ? ನೇರ ಮುಂದೆ ಹೋಗಿ ಡ್ರೈವರಿನ ಹೆಗಲು ತಟ್ಟಿ, ‘ಏಳಪ್ಪ, ನನ್ನ ಡ್ಯೂಟಿ ಶುರುವಾಯ್ತು, ನೀನು ಮನೆಗೆ ಹೋಗಿ ಮಲಕ್ಕೋ’ ಅಂದರು. ಜನ ನಕ್ಕರು, ನಾನೂ ನಕ್ಕೆ, ಆಮೇಲೆ ಅಪ್ಪ ಸ್ಟೀರಿಂಗ್ ಹಿಡಿದರು, ಬಸ್ಸಿನವರು ನಮ್ಮಿಬ್ಬರನ್ನೂ ಇಳಿಸಿದರು. ಮರುದಿನ ಟ್ಯಾಕ್ಸಿ ತಂದೆ. ಮೊದಲ ಸಿಗ್ನಲ್ಲಿನಲ್ಲಿ ಬಾಗಿಲು ತೆಗೆದು ನಡುರಸ್ತೆಗೆ ಇಳಿದುಬಿಟ್ಟರು. ಅವರು ನಂಬಿ ಹತ್ತುವುದು ಒಂದೇ ಗಾಡಿ, ನಮ್ಮ ಹಳೇ ಕಾರು, ನೀನು ಮದುವೆಯಾಗಿ ಬಂದಾಗಿನಿಂದ ‘ನನ್ನ ಸವತಿ’ ಅಂತ ಕರೆಯುತ್ತಿರುವುದು. ಅದರಲ್ಲಿ ಪಕ್ಕದ ಸೀಟಿನಲ್ಲಿ ಕೂತು ಮುಂದಿನ ಹಲಗೆಯ ಮೇಲೆ ಅಂಗೈ ಇಟ್ಟರೆ ಮುಗಿಯಿತು, ಎಷ್ಟು ದೂರ ಬೇಕಾದರೂ ಮಗುವಿನ ಹಾಗೆ ಬರುತ್ತಾರೆ.

ಆ ಸವತಿಯೇ ಈಗ ಮುನಿಸಿಕೊಂಡಿರುವುದು, ಮುನಿಸು ಬರಿಸಿದವನು ನಾನು. ಏರು ಬಂದರೆ ಕೆಮ್ಮಿ ನಿಂತುಬಿಡುತ್ತಿತ್ತು. ನಿನ್ನ ಆಸ್ಪತ್ರೆಯ ದಾರಿ ಅರ್ಧಕ್ಕರ್ಧ ಏರೇ. ನಮ್ಮ ಬೀದಿ ತಿರುವಿನ ಮೆಕ್ಯಾನಿಕ್ ನೆಂಟರ ಮನೆಗೆ ಹೊರಟಿದ್ದ, ಮುಂದಿನ ವಾರ ನೋಡೋಣ ಅಂದ. ಮುಂದಿನ ವಾರ ತೆಗೆದುಕೊಂಡು ಏನು ಮಾಡಲಿ? ಕನ್ನಡಕದ ಅಂಗಡಿಯಲ್ಲಿ ಕೂತು ಸಾಸಿವೆಯಷ್ಟು ಸ್ಕ್ರೂ ಬಿಗಿಯುವ ನನಗೆ ಇಷ್ಟಿಷ್ಟು ದಪ್ಪದ ನಟ್ಟುಗಳು ಯಾವ ಲೆಕ್ಕ ಅಂತ ಜಂಭ ಬೇರೆ. ಚಿಕ್ಕವನಿದ್ದಾಗ ಗಡಿಯಾರ, ರೇಡಿಯೋ, ನಿನ್ನ ಹೊಲಿಗೆ ಮಿಷನ್ನು ಎಲ್ಲ ಬಿಚ್ಚಿದ್ದಕ್ಕೆ ತಾನೇ ನೀನು ಈ ಹೆಸರಿಟ್ಟಿದ್ದು. ಜೋಡಿಸಣ್ಣ ಅಂತ ಯಾಕೆ ಇಡಲಿಲ್ಲ ಅನ್ನುವುದು ನಿನ್ನೆ ಸಂಜೆ ಅರ್ಥವಾಯಿತು. ಪೆಟ್ರೋಲಿಗೂ ಗಾಳಿಗೂ ಹದ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಅಂತ ಒಂದಿದೆ, ಎಂಜಿನ್ನಿನ ತಲೆಯ ಹತ್ತಿರ, ಲೋಟದ ಗಾತ್ರದ್ದು. ಅದರೊಳಗೆ ಕಸ ಕಟ್ಟಿದೆ ಅಂತ ಅನುಮಾನ. ಬಿಚ್ಚಿ ಹೊರಗೆ ತೆಗೆದೆ, ಅಂಗಳದ ಕಟ್ಟೆಯ ಮೇಲೆ ಹರವಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದು ಸಂದಿಯನ್ನೂ ತೊಳೆದೆ. ಹೊಸದರ ಹಾಗೆ ಹೊಳೆಯಿತು. ವಾಪಸ್ಸು ಕೂರಿಸಿ ನಟ್ಟು ಬಿಗಿದು, ನಿನ್ನ ಸೊಸೆಯನ್ನು ಕರೆದು, ನೋಡೀಗ ಅಂತ ಕೀಲಿ ತಿರುಗಿಸಿದೆ.

ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನಿನ್ನೆ ಕತ್ತಲಾಗುವ ತನಕ, ಇವತ್ತು ಬೆಳಗಾದಾಗಿನಿಂದ. ಕೆಮ್ಮಾದರೂ ಇತ್ತಲ್ಲ, ಈಗ ಅದೂ ಇಲ್ಲ. ಪ್ಲಗ್ಗು ತೆಗೆದು ಒರೆಸಿ ಹಾಕಿದೆ, ಪೆಟ್ರೋಲು ಬರುತ್ತಿದೆಯಾ ಅಂತ ಪೈಪು ಬಿಡಿಸಿ ನೋಡಿದೆ, ಬರುತ್ತಿದೆ. ಕೊನೆಗೆ ನಾಚಿಕೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವನು, ‘ಬಿಚ್ಚಿದಾಗ ಒಳಗೆ ನಟ್ಟೋ ವಾಷರೋ ಬಿದ್ದಿರ್ಬೇಕು ಸಾರ್. ಇನ್ನು ತಿರುಗಿಸ್ಬೇಡಿ, ಎಂಜಿನ್ ಹಾಳಾಗುತ್ತೆ. ನಾನು ಬಂದು ಪೂರ್ತಿ ಇಳಿಸಿ ನೋಡ್ತೀನಿ, ಗುರುವಾರ’ ಅಂದ. ಗುರುವಾರ. ಅಮ್ಮಾ, ನಾನು ಫೋನ್ ಇಟ್ಟು ಆ ಕಟ್ಟೆಯ ಮೇಲೆಯೇ ಕೈಚೆಲ್ಲಿ ಕೂತೆ. ಬ್ಯಾಟರಿಯೂ ಅಷ್ಟರಲ್ಲಿ ಸತ್ತಿತ್ತು.

ಇದಕ್ಕಿಂತ ಕೆಟ್ಟದ್ದೊಂದು ಆಗಿದೆ. ಅಪ್ಪ ಬೆಳಿಗ್ಗೆಯಿಂದ ನನ್ನ ಹಿಂದೆ ಮುಂದೆ ಸುತ್ತುತ್ತಾ ಒಂದೇ ಮಾತು ಹೇಳುತ್ತಿದ್ದರು. ‘ಅವಳಿಗೆ ಉಸಿರು ಕಟ್ಟಿದೆ.’ ಮೊದಲ ಸಲ ಕೇಳಿದಾಗ ನಿನ್ನನ್ನೇ ಅನ್ನುತ್ತಿದ್ದಾರೆ ಅಂದುಕೊಂಡೆ. ನಿನ್ನ ಉಬ್ಬಸ, ಆ ರಾತ್ರಿ ನೀನು ಕಿಟಕಿಯ ಸರಳು ಹಿಡಿದು ನಿಂತದ್ದು, ಇಷ್ಟೆಲ್ಲ ಮರೆತವರಿಗೆ ಅದೊಂದು ನೆನಪಿದೆಯಲ್ಲ ಅನಿಸಿತು. ಇಲ್ಲ ಅಪ್ಪ, ಅವಳು ಚೆನ್ನಾಗಿದ್ದಾಳೆ ಅಂದೆ. ಮತ್ತೆ ಬಂದರು. ‘ಉಸಿರು ಕಟ್ಟಿದೆ ಅವಳಿಗೆ, ನೋಡು, ಬಿಡಿಸು.’ ನಿನ್ನ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮೆಕ್ಯಾನಿಕ್ ಗುರುವಾರ ಅಂದ ಮೇಲೂ ಬಂದು ಅದನ್ನೇ ಅಂದಾಗ ನನ್ನ ತಲೆ ಕೆಟ್ಟಿತು. ಬಾಯಿ ಮುಚ್ಚಿ ಅಂತ ಕೂಗಿಬಿಟ್ಟೆ, ಅಪ್ಪನಿಗೆ. ಅವರು ಬಾಯಿ ಮುಚ್ಚಿಕೊಂಡರು. ಈಗ ಕಾರಿನ ಬಾನೆಟ್ಟಿನ ಪಕ್ಕ ಬಿಸಿಲಲ್ಲಿ ನಿಂತಿದ್ದಾರೆ, ಒಳಗೆ ಬನ್ನಿ ಅಂದರೂ ಬರುತ್ತಿಲ್ಲ.

ನನಗೆ ದಾರಿಯೇ ಕಾಣುತ್ತಿಲ್ಲ ಅಮ್ಮಾ. ಬೇರೆಯವರ ಕಾರು ಕೇಳಿದೆ, ಅಪ್ಪ ಅದರ ಹತ್ತಿರವೂ ಸುಳಿಯಲಿಲ್ಲ. ನಿದ್ದೆ ಮಾತ್ರೆ ಕೊಟ್ಟು ಮಲಗಿಸಿ ತರೋಣವೆಂದರೆ ಅವರ ಡಾಕ್ಟರು ಒಪ್ಪಲಿಲ್ಲ. ನಾನೊಬ್ಬನೇ ಬರುತ್ತೇನೆಂದರೆ ಇವರನ್ನು ಯಾರ ಕೈಗೆ ಕೊಡಲಿ? ಆದ್ದರಿಂದ ಕೇಳು, ಮಂಗಳವಾರ ಬೆಳಿಗ್ಗೆ ನಿನ್ನನ್ನು ಕರೆದುಕೊಂಡು ಹೋಗುವಾಗ ಸೊಸೆ ಒಬ್ಬಳೇ ಇರುತ್ತಾಳೆ. ಬಾಗಿಲ ಕಡೆ ನೋಡಿ ನೋಡಿ ದಣಿಯಬೇಡ. ನೀನು ಆಪರೇಷನ್ ಮುಗಿಸಿ ಬಾ, ಮನೆಯಲ್ಲೇ ಅವರನ್ನು ಕಣ್ತುಂಬ ನೋಡುವೆಯಂತೆ. ಇದನ್ನು ಬರೆಯುವಾಗ ನಾನು, ಓದುವಾಗ ನೀನು, ಇಬ್ಬರೂ ಯೋಚಿಸುವುದು ನೀನು ವಾಪಸ್ಸು ಬರದಿದ್ದರೆ ಅನ್ನುವುದನ್ನೇ. ಕಾರನ್ನು ಮುಟ್ಟದೇ ಇದ್ದಿದ್ದರೆ ಕೆಮ್ಮುತ್ತಲೋ ಕುಂಟುತ್ತಲೋ ಬಂದು ಸೇರುತ್ತಿದ್ದೆವು.

ಧೈರ್ಯವಾಗಿರು. ಮಾತ್ರೆ ನುಂಗು. ಪಕ್ಕದ ಹಾಸಿಗೆಯ ಅಜ್ಜಿಗೂ ನರ್ಸಮ್ಮನಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಬೀಳುತ್ತೇನೆ, ಆಶೀರ್ವಾದ ನನಗಲ್ಲ, ನಿನಗೇ ಇಟ್ಟುಕೊ.

ನಿನ್ನ ಮಗ,
ಬಿಚ್ಚಣ್ಣ

ತಾ.ಕ.: ಇದೊಂದು ಬರೆಯದಿದ್ದರೆ ಮನಸ್ಸು ತಡೆಯುವುದಿಲ್ಲ. ನಟ್ಟು ಒಳಗೆ ಬಿದ್ದಿದೆ ಅಂತ ಆ ಮೆಕ್ಯಾನಿಕ್ ಹೇಳಿದ್ದನ್ನು ನೀನು ನಂಬಬೇಡ. ಅಷ್ಟು ಬೇಜವಾಬ್ದಾರಿ ಅಲ್ಲ ನಾನು. ತೆರೆದ ಪಾತ್ರೆ ಕಂಡರೆ ‘ಬಾಯಿ ಮುಚ್ಚಿಡ್ರೋ’ ಅಂತ ನೀನು ಕೂಗುವುದು ಕೇಳಿಯೇ ಬೆಳೆದವನು. ಕಾರ್ಬ್ಯುರೇಟರ್ ಎತ್ತಿದ ಕೂಡಲೇ ಕೆಳಗೆ ಎಂಜಿನ್ನಿನ ಬಾಯಿ ತೆರೆದಿರುವುದು ಕಂಡಿತು, ಕೂಡಲೇ ಅಡುಗೆಮನೆಗೆ ಓಡಿ ಕೈಗೆ ಸಿಕ್ಕ ಬಟ್ಟೆ ತಂದು ಆ ಬಾಯಿಗೆ ಗಟ್ಟಿಯಾಗಿ ತುರುಕಿದೆ, ಆಮೇಲೆಯೇ ಮಿಕ್ಕ ಕೆಲಸ. ಒಳಗೆ ಒಂದು ಇರುವೆಯೂ ಹೋಗಿರಲು ಸಾಧ್ಯವಿಲ್ಲ, ಗಾಳಿ ಕೂಡ

ಅಯ್ಯೋ ಅಮ್ಮಾ. ಬಟ್ಟೆ.

ಮತ್ತೆ: ಕಾಗದಕ್ಕೆ ಮಸಿ ಹತ್ತಿದೆ, ಬೇರೆ ಬರೆಯಲು ಹೊತ್ತಿಲ್ಲ, ಸೊಸೆ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಓಡಿ ಹೋಗಿ ಕಾರ್ಬ್ಯುರೇಟರ್ ಮತ್ತೆ ಬಿಚ್ಚಿದೆ, ಅದರ ಕೆಳಗೇ ಇತ್ತು ನಿನ್ನ ಬಟ್ಟೆ, ನೀಲಿ ಗೆರೆಯದು, ಪೆಟ್ರೋಲಿನಲ್ಲಿ ನೆನೆದು. ತೆಗೆಯದೆ ಮೇಲೆಯೇ ಕೂರಿಸಿ ಬಿಗಿದಿದ್ದೆ. ನೀನು ಅಂಚು ಹೊಲಿದಿದ್ದರಿಂದ ಒಂದೆಳೆಯೂ ಬಿಚ್ಚಿ ಒಳಗೆ ಹೋಗಿಲ್ಲ. ಅಪ್ಪ ಹೇಳುತ್ತಿದ್ದ ‘ಅವಳು’ ಕಾರು. ಈ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ ನೋಡು. ಎಲ್ಲ ಮತ್ತೆ ಜೋಡಿಸಿ, ಬ್ಯಾಟರಿ ಇಲ್ಲದ್ದಕ್ಕೆ ನಾನೂ ನಿನ್ನ ಸೊಸೆಯೂ ಹಿಂದಿನಿಂದ ತಳ್ಳಿದೆವು. ಸ್ಟೀರಿಂಗಿಗೆ ಯಾರು ಅಂತ ನಾವು ಮುಖ ನೋಡಿಕೊಳ್ಳುವಷ್ಟರಲ್ಲಿ ಅಪ್ಪ ಹತ್ತಿ ಕೂತು ‘ತಳ್ರಿ’ ಅಂದರು. ಗೇಟಿನ ಇಳಿಜಾರಿನಲ್ಲಿ ಸರಿಯಾದ ಹೊತ್ತಿಗೆ ಕ್ಲಚ್ ಬಿಟ್ಟರು, ಹತ್ತಿತು. ಕೆಮ್ಮಿಲ್ಲ. ಕ್ಷಮಿಸಿ ಅಪ್ಪ ಅಂದೆ, ಯಾತಕ್ಕೆ ಅಂತ ಕೇಳಿದರು.

ಇವತ್ತು ರಾತ್ರಿ ನಿನ್ನ ಹತ್ತಿರ ಯಾರಾದರೂ ಇರಲೇಬೇಕು, ಅದಕ್ಕೆ ಸೊಸೆ ಬಸ್ಸಿಗೇ ಬರುತ್ತಾಳೆ. ನಾವಿಬ್ಬರೂ ನಾಳೆ ಬೆಳಗಾಗುತ್ತಲೇ ಹೊರಡುತ್ತೇವೆ. ಬಾಗಿಲ ಕಡೆ ನೋಡಬೇಡ ಅಂದಿದ್ದೆನಲ್ಲ, ನೋಡು. ಬಟ್ಟೆಯನ್ನು ಅಪ್ಪ ನನ್ನ ಕೈಯಿಂದ ಇಸಿದುಕೊಂಡು, ಹಿಂಡಿ, ನೀನು ಮಡಿಸುವ ಹಾಗೆಯೇ ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡಿದ್ದಾರೆ. ಆಮೇಲೆ ಕೇಳಿದರು, ‘ಅವಳಿಗೂ ಹೀಗೇ ಬಿಚ್ಚಿ ರಿಪೇರಿ ಮಾಡ್ತಾರಾ?’ ಈ ಸಲ ಅವಳು ಅಂದರೆ ನೀನೇ ಅಮ್ಮಾ, ನಿನ್ನ ಕುರ್ಚಿಯ ಕಡೆ ನೋಡಿಯೇ ಕೇಳಿದ್ದು. ಹೌದು ಅಪ್ಪ, ಮಂಗಳವಾರ ಅಂದೆ. ಜೇಬು ಮುಟ್ಟಿ ನೋಡಿಕೊಂಡು, ‘ಒಳಗೆ ಬಟ್ಟೆ ಬಿಡ್ಬೇಡ ಅಂತ ಡಾಕ್ಟ್ರಿಗೆ ಹೇಳು’ ಅಂದರು. ಹೇಳಿಬಿಡು.