ಗುಳಿ ಹೆಚ್ಚಾದ ಬ್ಲೇಡು

ಕಲೀನಾ, ಸಸ್ಕಾಚೆವಾನ್
ಗುರುವಾರ, 18 ಜನವರಿ 1996

ಪ್ರೀತಿಯ ಹಾಲ್ಯಾ,

ಹೇಗಿದ್ದೀಯ ಮಗಳೇ? ಮೊಣಕಾಲಿನ ಬಾವು ಇಳಿಯಿತೇ? ಹಾಸ್ಟೆಲಿನವರ ನೀರು ಸೂಪು ಕುಡಿದುಕೊಂಡಿದ್ದೀಯೋ, ನಿನ್ನಮ್ಮ ಕಟ್ಟಿಕೊಟ್ಟ ಪಿರೋಹಿ ಕಡುಬು ಇನ್ನೂ ನಾಲ್ಕು ಉಳಿದಿವೆಯೋ? ಇಲ್ಲಿ ಚಳಿ ಸೊನ್ನೆಗಿಂತ ಮೂವತ್ತೆಂಟು ಕೆಳಗಿದೆ. ಊರಿನ ಯಾವ ಟ್ರಕ್ಕೂ ಇವತ್ತು ಸ್ಟಾರ್ಟ್ ಆಗಲಿಲ್ಲ, ನನ್ನದೊಂದು ಬಿಟ್ಟು. ನಿನ್ನಮ್ಮನದನ್ನೂ ಸೇರಿಸಿ ಮೂರು ಟ್ರಕ್ಕುಗಳನ್ನು ಎಳೆದು ಎಬ್ಬಿಸಿದ್ದೇನೆ. ನನ್ನ ಆರೋಗ್ಯ ಕಲ್ಲಿನ ಹಾಗಿದೆ. ಊಟ ಮಾತ್ರ ಮೂರು ದಿನದಿಂದ ಸರಿಯಾಗಿ ಇಳಿಯುತ್ತಿಲ್ಲ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಸೋಮವಾರ ಬೆಳಿಗ್ಗೆ ನಿನ್ನಮ್ಮ ಐಸ್ ಹಾಕಿ ರಿಂಕಿಗೆ ಬಂದು, ನಾನು ಸ್ಕೇಟು ಬ್ಲೇಡುಗಳನ್ನು ಹರಿತ ಮಾಡುವ ಸಾಣೆ ಕೋಣೆಯ ಬೆಂಚಿನ ಮೇಲೆ ಒಂದು ಚೀಲ ಇಟ್ಟಳು. ಒಳಗೆ ನಿನ್ನ ಹೊಸ ಸ್ಕೇಟುಗಳು. "ಅಣ್ಣಾ, ಇವನ್ನ ಯಾರಿಗಾದ್ರೂ ಕೊಟ್ಬಿಡು. ಹಾಲ್ಯಾ ಇಪ್ಪತ್ತೇಳಕ್ಕೆ ಯೂನಿವರ್ಸಿಟಿ ತಂಡದ ಆಯ್ಕೆಗೆ ಹೋಗಲ್ವಂತೆ. ಆ ಕೋಚಮ್ಮ ಅಷ್ಟೆಲ್ಲ ನೋಡಿದ್ಮೇಲೂ ಬಾ ಅಂತ ಕರೆದಿದ್ದಾಳೆ, ಇವಳು ನೋಡಿದ್ರೆ 'ಕಾಲು ನನ್ನ ಮಾತು ಕೇಳ್ತಿಲ್ಲಮ್ಮಾ, ಇನ್ನು ಗೋಲು ಕಾಯೋದು ಬಿಟ್ಟೆ' ಅಂತಾಳೆ" ಎಂದಳು. ಎಂದವಳು ಕೈಗವಸು ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿ, "ನೀನ್ಯಾಕೆ ಹೀಗೆ ಬಿಳಿಚ್ಕೊಂಡಿದ್ದೀಯ?" ಎಂದು ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ.

ನಿನ್ನ ಕಾಲಿಗೆ ಮೊದಲ ಸ್ಕೇಟು ಆರಿಸಿದವನು ನಾನು. ನಿನಗಾಗ ಐದು ವರ್ಷ. ಚರ್ಚಿನ ಹಾಲಿನಲ್ಲಿ ಹಳೇ ಸಾಮಾನು ಬದಲಾಯಿಸುವ ದಿನ ನಿನ್ನಮ್ಮ ಎರಡು ಸೈಜು ದೊಡ್ಡದನ್ನು ಎತ್ತಿಕೊಂಡು, ಮುಂದೆ ಪೇಪರು ತುರುಕಿದರೆ ಮೂರು ವರ್ಷ ಬರುತ್ತದೆ ಎಂದಿದ್ದಳು. ಇಡೀ ಹಾಲಿನ ಎದುರು ಅವಳ ಜೊತೆ ಜಗಳ ಕಾದವನು ನಾನು. ಲೇಸು ಬಿಚ್ಚಿ ಕಾಲ್ಬೆರಳು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಕೈಯ ಒಂದೇ ಒಂದು ಕಿರುಬೆರಳು ಹೋಗಬೇಕು. ಹಿಮ್ಮಡಿ ನೆಲಕ್ಕೆ ಬಡಿದು ಕೂರಿಸಿದ ಮೇಲೆ ಹೆಬ್ಬೆರಳು ಮುಂದಿನ ಗೋಡೆಯನ್ನು ಸವರಬೇಕು, ಒತ್ತಬಾರದು. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಅದರ ಜೊತೆ ಅಲ್ಲಾಡಬೇಕು. ಕಾಲಿನ ಪ್ಯಾಡಿನ ಪಟ್ಟಿ ಕೆಳಗೆ ಬಿಗಿ, ಮೇಲೆ ಸಡಿಲ, ಮೊಣಕಾಲೂರಿದಾಗ ಪ್ಯಾಡು ತಾನೇ ತಿರುಗಿ ಹೊಡೆಯುವವರಿಗೆ ಎದುರಾಗಬೇಕು. ಇದನ್ನೆಲ್ಲ ಆರನೇ ಕ್ಲಾಸು ಓದಿದ ನಾನು ಹೇಳಿದ್ದು, ಪಟ್ಟಣದ ಅಂಗಡಿಯವನು ಬಾಯಿಬಿಟ್ಟುಕೊಂಡು ಕೇಳಿದ್ದು ನಿನಗೆ ನೆನಪಿರಬೇಕು. ನವೆಂಬರಿನಲ್ಲಿ ಈ ಹೊಸ ಜೋಡಿ ಕೊಳ್ಳುವಾಗ ಒಂಬತ್ತು ಜೋಡಿ ಇಳಿಸಿದ ಮೇಲೆ ಅವನು "ನೀವೇ ಇಲ್ಲಿ ಕೆಲಸಕ್ಕೆ ಸೇರ್ಕೊಳ್ಳಿ ಯಜಮಾನ್ರೇ" ಅಂದಿದ್ದ. ಈ ಮಾತನ್ನು ನಾನು ಊರಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆ ಎಂದು ನಿನ್ನಮ್ಮನನ್ನೇ ಕೇಳು.

ಈಗ ಶನಿವಾರದ ಮಾತು. ಮಲಾಂಕಾ ಹಬ್ಬದ ದಿನ ನಮಗೂ ಪಕ್ಕದೂರು ಬೆರೆಜಾದವರಿಗೂ ಮ್ಯಾಚು ಎಂದರೆ ಬೆಳಿಗ್ಗೆಯಿಂದಲೇ ನನ್ನ ಕೋಣೆಯ ಮುಂದೆ ಸಾಲು. ನೀನು ಸ್ಕೇಟು ತಂದಿಟ್ಟು, "ಮಾವಾ, ಗುಳಿ ಕಮ್ಮಿ ಇಡೋದು ಮರೀಬೇಡ" ಎಂದು ಹೇಳಿ ಹೋದೆ. ನಾನೇನಂದೆ? "ಮೊಟ್ಟೆ ಕೋಳಿಗೆ ಬುದ್ಧಿ ಹೇಳೋಕೆ ಬಂತಲ್ಲಪ್ಪ" ಎಂದೆ, ಎಲ್ಲರೂ ನಕ್ಕರು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ತಪ್ಪು ಎಲ್ಲಿ ನಡೆಯಿತೆಂದು ನನ್ನ ಕಣ್ಣಿಗೂ ಕಾಣಲಿ. ಓಡುವ ಆಟಗಾರನ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಆಳದ ಗುಳಿ ಬೇಕು, ಆಗ ಎರಡು ಅಂಚೂ ಐಸನ್ನು ಕಚ್ಚುತ್ತವೆ. ಗೋಲು ಕಾಯುವವಳು ಪಕ್ಕಕ್ಕೆ ಜಾರಬೇಕು, ಅವಳಿಗೆ ಗುಳಿ ಇದೆಯೋ ಇಲ್ಲವೋ ಅನ್ನುವಷ್ಟು ಸಾಕು. ಅದಕ್ಕೆ ಸಾಣೆ ಚಕ್ರದ ಮುಖವನ್ನೇ ಬೇರೆ ಆಕಾರಕ್ಕೆ ಕೆತ್ತಿಕೊಳ್ಳಬೇಕು, ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಾನು ಸಾಲಿನಲ್ಲಿದ್ದವರಿಗೆ ನಿನ್ನ ಕಥೆ ಹೇಳುತ್ತಿದ್ದೆ. ಪಟ್ಟಣದ ಯೂನಿವರ್ಸಿಟಿ ತಂಡದ ಕೋಚಮ್ಮ ನಮ್ಮ ಹುಡುಗಿಯನ್ನು ನೋಡಲೆಂದೇ ನೂರು ಮೈಲಿ ಬರುತ್ತಿದ್ದಾಳೆ, ಈ ಹುಡುಗಿಯನ್ನು ತಯಾರು ಮಾಡಿದ ಕೈ ಇದೇ ಎಂದು ಕೈ ಎತ್ತಿ ತೋರಿಸುತ್ತಿದ್ದೆ. ತೋರಿಸುತ್ತಲೇ ಇನ್ನೊಂದು ಕೈಯಲ್ಲಿ ನಿನ್ನ ಬ್ಲೇಡನ್ನು ಅದೇ ಆಟಗಾರರ ಚಕ್ರಕ್ಕೆ ಹಿಡಿದುಬಿಟ್ಟೆ.

ಆಮೇಲೆ ಆದದ್ದು ನಿನ್ನ ತಪ್ಪಲ್ಲ ಹಾಲ್ಯಾ. ನೀನು ಗೋಲಿನ ಎಡಗಡೆ ಕಂಬಕ್ಕೆ ಜಾರಲು ಹೋದಾಗಲೆಲ್ಲ ಬ್ಲೇಡು ಐಸನ್ನು ಕಚ್ಚಿ ಹಿಡಿಯಿತು, ನೀನು ಮುಗ್ಗರಿಸಿದೆ. ನಾಲ್ಕು ಗೋಲು ಹಾಗೇ ಹೋದವು. ಬೆರೆಜಾದ ಕಡೆಯವರು "ಏ ಹಾಲ್ಯಾ, ಓದಿದ್ದೆಲ್ಲ ಕಾಲಿಗೆ ಇಳಿದು ಭಾರ ಆಯ್ತೇನಮ್ಮ?" ಎಂದು ಕೂಗಿದರು. ಮೊದಲ ವಿರಾಮದಲ್ಲಿ ನೀನು ಬಂದು ಕಾಲು ಚಾಚಿ, "ಮಾವಾ, ಬ್ಲೇಡು ಕಚ್ತಾ ಇದೆ ಅನ್ಸುತ್ತೆ, ಒಂದ್ಸಲ ನೋಡ್ತೀಯಾ?" ಎಂದೆ. ನಾನು ನೋಡಿದೆ. "ಬ್ಲೇಡು ಸರಿಯಾಗೇ ಇದೆ, ನಿನ್ನ ಮೊಣಕಾಲು ನಡುಗ್ತಿದೆ ಅಷ್ಟೆ" ಎಂದು ಪ್ಯಾಡಿನ ಪಟ್ಟಿ ಎರಡು ತೂತು ಬಿಗಿದು ಕಳಿಸಿದೆ. ಮ್ಯಾಚು ಮುಗಿದ ಮೇಲೆ ಕಾಫಿ ಕುಡಿಯುತ್ತಿದ್ದವರ ಮುಂದೆಯೂ ಅದನ್ನೇ ಹೇಳಿದೆ, ಹುಡುಗಿ ಹೆದರಿಬಿಟ್ಟಳು ಎಂದು. ನೀನು ಹಿಂದೆ ನಿಂತು ಕೇಳಿಸಿಕೊಂಡೆ ಎಂದು ನಿನ್ನಮ್ಮ ಆಮೇಲೆ ಹೇಳಿದಳು. ಸೋಮವಾರ ಚೀಲದಿಂದ ಸ್ಕೇಟು ತೆಗೆದು ನೋಡಿದಾಗ ನನ್ನ ತಪ್ಪು ನನಗೆ ಗೊತ್ತಾಯಿತು.

ಆ ಬ್ಲೇಡನ್ನು ಮತ್ತೆ ಹಿಡಿಯಲು ನನಗೆ ಕೈ ಬರಲಿಲ್ಲ. ಬೆರೆಜಾದ ಇಲ್ಕೋ ಗೊತ್ತಲ್ಲ, ಅವರ ತಂಡಕ್ಕೆ ಸಾಣೆ ಹಿಡಿಯುವವನು. ಇಪ್ಪತ್ತು ವರ್ಷದಿಂದ ಅವನ ಕೈಯನ್ನು ನಾನು ಆಲೂಗಡ್ಡೆ ಸುಲಿಯುವ ಕೈ ಎಂದು ಕರೆದಿದ್ದೇನೆ. ನಿನ್ನೆ ಟ್ರಕ್ಕು ತೆಗೆದುಕೊಂಡು ಅವನ ಶೆಡ್ಡಿಗೆ ಹೋದೆ. "ಏನಪ್ಪಾ ಪಾನ್ಕೋ, ದಾರಿ ತಪ್ಪಿತಾ?" ಎಂದ. ಸ್ಕೇಟು ಕೊಟ್ಟೆ. ಬ್ಲೇಡಿಗೆ ಅಡ್ಡಲಾಗಿ ಉಗುರು ಎಳೆದು ನೋಡಿದ, ಉಗುರಿನ ಸಿಪ್ಪೆ ಎದ್ದು ಬಂತು. "ಗೋಲಿನವಳ ಬ್ಲೇಡಿಗೆ ಇಷ್ಟು ಆಳ ಇಟ್ಟಿದ್ದು ಯಾವ ಕಟುಕ?" ಎಂದ. ನಾನೇ ಎಂದೆ. ಅವನು ಚಕ್ರ ನಿಲ್ಲಿಸಿ ಒಳಗಿನಿಂದ ಹೆಂಡತಿಯನ್ನು ಕರೆದ: "ಮಾರೂಸ್ಯಾ, ಬೇಗ ಬಾ, ಪಾನ್ಕೋ ಇನ್ನೊಂದು ಸಲ ಹೇಳ್ತಾನೆ." ಹೇಳಿದೆ. ಕೆಲಸ ಮಾತ್ರ ಅವನು ಚೆನ್ನಾಗಿ ಮಾಡಿದ, ನನಗಿಂತ ಒಂದು ಕೂದಲಷ್ಟು ಕಡಿಮೆ ಇರಬಹುದು. ಇರಲಿ, ಅಷ್ಟೂ ಕಡಿಮೆ ಇಲ್ಲ.

ಸ್ಕೇಟು ಇವತ್ತಿನ ಬಸ್ಸಿನಲ್ಲಿ ಈ ಕಾಗದದ ಜೊತೆಗೇ ಬರುತ್ತಿದೆ. ಇಪ್ಪತ್ತೇಳಕ್ಕೆ ಇನ್ನೂ ಒಂಬತ್ತು ದಿನ ಇದೆ. ಒಂದು ದಿನ ಸುಮ್ಮನೆ ಐಸಿಗಿಳಿದು ಆ ಕಂಬದಿಂದ ಈ ಕಂಬಕ್ಕೆ ಜಾರಿ ನೋಡು. ಆಮೇಲೂ ಬಿಡಬೇಕೆನಿಸಿದರೆ ಬಿಡು, ನಾನು ತುಟಿ ಬಿಚ್ಚುವುದಿಲ್ಲ. ಕುತ್ತಿಗೆಯ ಪಟ್ಟಿ ಹಾಕದೆ ಇಳಿಯಬೇಡ. ದೇವರು ನಿನ್ನ ಎರಡು ಕಾಲನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಸೋದರಮಾವ,
ಪಾನ್ಕೋ

ತಾ.ಕ.: ಬಸ್ಸು ಬಂದು ನಿಂತಿದೆ, ಡ್ರೈವರ್ ಕೂಗುತ್ತಿದ್ದಾನೆ, ಪಾರ್ಸೆಲ್ಲಿನ ಮೇಲಿಟ್ಟು ಬರೆಯುತ್ತಿದ್ದೇನೆ. ಮೇಲೆ ಸೋಮವಾರ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ವಿರಾಮದಲ್ಲಿ ನೀನು ಕಾಲು ಚಾಚಿದಾಗಲೇ ನನ್ನ ಉಗುರಿನಲ್ಲೂ ಸಿಪ್ಪೆ ಎದ್ದಿತ್ತು. ಸ್ಟಿಕ್ಕಿಗೆ ಸುತ್ತುವ ಟೇಪು ಕೇಳಲು ಬಂದ ಇಲ್ಕೋ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಅವನೆದುರು ತಪ್ಪೊಪ್ಪಲು ನನಗೆ ಆಗಲಿಲ್ಲ. ಸಾಣೆ ಕೋಣೆ ಹತ್ತು ಹೆಜ್ಜೆಯಲ್ಲಿತ್ತು, ವಿರಾಮ ಹದಿನೈದು ನಿಮಿಷ ಇತ್ತು, ಸರಿಮಾಡಬಹುದಿತ್ತು. ಗೊತ್ತಿದ್ದೂ ನಿನ್ನನ್ನು ಹೆದರುಪುಕ್ಕಲಿ ಎಂದು ಕರೆದು ಅದೇ ಬ್ಲೇಡಿನ ಮೇಲೆ ಮತ್ತೆ ಕಳಿಸಿದೆ. ಈ ಕಾಗದವನ್ನು ಆ ಕೋಚಮ್ಮನಿಗೆ ಪೂರ್ತಿ ಓದಿ ಹೇಳು, ನನ್ನ ಹೆಸರು ಬಿಡದೆ.